ಹೊಣೆಗಾರರ ಸಹಿ

ಆ ಕಾಗದ ಬಂದದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ಸಾಮಿಲ್ಲಿನ ಗರಗಸ ಆಗಷ್ಟೇ ನಿಂತಿತ್ತು. ಮನೆಗೂ ಸಾಮಿಲ್ಲಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಅಡುಗೆಮನೆಯ ಕಿಟಕಿ ತೆರೆದರೆ ದಿಮ್ಮಿಗಳ ರಾಶಿ, ಮುಚ್ಚಿದರೆ ಬರೀ ಸದ್ದು. ಹನ್ನೊಂದು ವರ್ಷದ ಹಿಂದೆ ಈ ಮನೆಗೆ ಬಂದ ಸೊಸೆ ಮೊದಲ ತಿಂಗಳು ಪೂರ್ತಿ ತಲೆನೋವಿನಲ್ಲಿ ಕಳೆದಿದ್ದಳು. ಈಗ ಹಾಗಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಗರಗಸ ನಿಂತರೇ ಅವಳ ಎದೆ ಧಸಕ್ಕೆನ್ನುತ್ತಿತ್ತು.

ಗಂಡ ಲಕೋಟೆ ಹರಿದು, ಕಾಗದದ ಮೇಲೆ ಕಣ್ಣಾಡಿಸಿ, ಹೆಂಡತಿಯ ಕಡೆ ಚಾಚಿದ. "ತಗೋ, ನಿನ್ನ ಖಾತೆ."

ಕಾಗದಪತ್ರವೆಂದರೆ ಅವಳ ಖಾತೆ. ಕಂಕುಳಲ್ಲಿ ಯಾವಾಗಲೂ ಒಂದು ಕಡತ ಇರುತ್ತದೆಂದು ಮೈದುನ ಅವಳಿಗೆ ಫೈಲಮ್ಮ ಎಂದು ಹೆಸರಿಟ್ಟಿದ್ದ. ಆ ಹೆಸರು ಸಾಮಿಲ್ಲಿನ ಒಂಬತ್ತು ಆಳುಗಳ ಬಾಯಿಗೂ ಹತ್ತಿತ್ತು, ಕೊನೆಗೆ ಹತ್ತು ವರ್ಷದ ಮಗಳು ಕೂಡ ಸಿಟ್ಟು ಬಂದಾಗ ಅಮ್ಮನನ್ನು ಹಾಗೇ ಕರೆಯುತ್ತಿದ್ದಳು.

"ಹಲಗೆ ಕೊಳ್ಳೋರು ಬರೆದಿದ್ದಾರೆ," ಎಂದಳು ಸೊಸೆ. "ಅವರ ದೇಶದಲ್ಲಿ ಹೊಸ ಕಾನೂನು ಬಂದಿದೆಯಂತೆ. ನಾವು ಕಳಿಸೋ ಒಂದೊಂದು ಹಲಗೆಯ ಮರವೂ ಎಲ್ಲಿ ಬೆಳೆದಿತ್ತು ಅಂತ ನಕ್ಷೆ ಮೇಲೆ ಚುಕ್ಕಿ ಇಟ್ಟು ತೋರಿಸಬೇಕು. ಆ ಜಾಗದಲ್ಲಿ ಈಚೆಗೆ ಕಾಡು ಕಡಿದಿಲ್ಲ ಅಂತ ಬರೆದು ಸಹಿ ಹಾಕಬೇಕು. ಇಲ್ಲಿಯ ಅರಣ್ಯ ಕಚೇರಿಗೂ ಅದರ ಪ್ರತಿ ಹೋಗಬೇಕು."

"ನಮಗೆ ಒಳ್ಳೇ ಮರದ ಎಲೆ ಮುದ್ರೆ ಇದೆಯಲ್ಲ," ಎಂದರು ಮಾವ, ಅನ್ನ ಕಲಸುತ್ತ. "ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದೀವಲ್ಲ. ಅದರ ಫೋಟೋ ತೆಗೆದು ಕಳಿಸು."

"ಅದೊಂದೇ ಸಾಕಾಗಲ್ಲವಂತೆ ಮಾವ."

"ಯಾಕೆ ಸಾಕಾಗಲ್ಲ? ಆರು ವರ್ಷದಿಂದ ಸಾಕಾಗಿತ್ತು."

"ಎಲೆ ಮುದ್ರೆ ನಾವಾಗೇ ಹೋಗಿ ಹಾಕಿಸಿಕೊಂಡದ್ದು. ಹತ್ತು ದಿಮ್ಮಿಯಲ್ಲಿ ಏಳು ನೆಟ್ಟು ಬೆಳೆಸಿದ ಒಳ್ಳೇ ನೆಡುತೋಪಿಂದ ಬಂದಿದ್ರೆ ಎಲೆಯವರು ಎಲ್ಲ ಹಲಗೆಗೂ ಮುದ್ರೆ ಕೊಡ್ತಾರೆ. ಮಿಕ್ಕ ಮೂರು ಎಲ್ಲಿಂದ ಬಂತು ಅಂತ ಒಂದು ಸಾಲು ಬರೆದಿಟ್ಟರೆ ಆಯ್ತು. ಈ ಕಾನೂನು ಹಾಗಲ್ಲ. ಹತ್ತೂ ಸರಿಯಿರಬೇಕು ಅನ್ನುತ್ತೆ."

"ಆ ಮೂರು ಎಲ್ಲಿಂದ ಬರುತ್ತೆ?" ಅತ್ತೆ ಸೌಟು ಹಿಡಿದುಕೊಂಡೇ ಕೇಳಿದರು.

ಲಾರಿ ತೆಗೆದುಕೊಂಡು ಬೆಟ್ಟದ ಮೇಲಿಂದ ದಿಮ್ಮಿ ತರುವುದು ಮೈದುನನ ಕೆಲಸ. ಅವನು ನಕ್ಕುಬಿಟ್ಟ. "ಚುಕ್ಕಿ ತಾನೇ ಬೇಕಾಗಿರೋದು ಅತ್ತಿಗೆ? ಒಂದು ಮೂಟೆ ಚುಕ್ಕಿ ತಂದು ಹಾಕ್ತೀನಿ, ಬಿಡಿ."

ಸೊಸೆ ನಗಲಿಲ್ಲ. ಕೊನೆಯ ಸಾಲಿಗೆ ಬಂದಿದ್ದಳು. "ಹೊಣೆಗಾರರ ಹೆಸರು, ವಿಳಾಸ, ಸಹಿ ಅಂತ ಇದೆ. ಬರೆದದ್ದು ಸುಳ್ಳಾದರೆ ದಂಡ, ಸೆರೆವಾಸ ಎರಡೂ ಸಹಿ ಹಾಕಿದವರಿಗೇ."

ಮಾವ ನೀರು ಕುಡಿದರು. "ನನಗೆ ಈಗ ಅಕ್ಷರ ಸರಿಯಾಗಿ ಕಾಣಲ್ಲ."

"ಸಾಮಿಲ್ಲು ನನ್ನ ಹೆಸರಲ್ಲಿದೆ," ಎಂದ ಗಂಡ. "ಎಲ್ಲಾದಕ್ಕೂ ಒಂದೇ ಹೆಸರು ಬೇಡ ಅಂತ ವಕೀಲರು ಹೇಳಿದ್ರು. ಇದು ನೀನೇ ನೋಡಿಕೊಳ್ಳೋ ಕೆಲಸ ತಾನೆ? ನಿನ್ನ ಹೆಸರೇ ಇರಲಿ. ಮುಂದಿನ ಕೋಣೆಯಲ್ಲಿ ನಿನಗೇ ಅಂತ ಒಂದು ಮೇಜು ಹಾಕಿಸ್ತೀನಿ."

ನಿಜ ಹೇಳಬೇಕೆಂದರೆ ಅವಳಿಗೆ ಖುಷಿಯಾಯಿತು. ಹನ್ನೊಂದು ವರ್ಷ ಅವಳು ಬರೆದ ಕಾಗದಗಳಿಗೆಲ್ಲ ಗಂಡನೋ ಮಾವನೋ ಸಹಿ ಹಾಕಿದ್ದರು. ಮಗಳಂತೂ ಶಾಲೆಯಲ್ಲಿ ಹೇಳಿಕೊಂಡು ಬಂದಳು, ನಮ್ಮಮ್ಮ ಈಗ ಹೊಣೆಗಾರರು ಅಂತ. ಮರುದಿನ ಪಾತ್ರೆ ತೊಳೆಯುವಾಗ ಮಾತ್ರ ಅವಳಿಗೆ ಒಂದು ವಿಷಯ ಹೊಳೆಯಿತು. ಲಕೋಟೆ ಒಡೆದದ್ದು ನಿನ್ನೆ ಊಟಕ್ಕೆ ಕೂತಾಗ. ವಕೀಲರನ್ನು ಇವರು ಕೇಳಿದ್ದು ಯಾವಾಗ?

ಕೇಳೋಣವೆಂದುಕೊಂಡಳು. ಅಷ್ಟರಲ್ಲಿ ಬಡಗಿ ಮೇಜು ಹೊತ್ತುಕೊಂಡು ಬಂದ, ಎಲ್ಲಿಡಬೇಕೆಂದು ಕೇಳಿದ. ಆ ಮಾತು ಅಲ್ಲಿಗೇ ನಿಂತಿತು.

ಮೊದಲ ಸಲದ ಘೋಷಣಾ ಪತ್ರಕ್ಕೆ ಅವಳೇ ಸಹಿ ಹಾಕಿದಳು. ಮೈದುನ ಫೋನಿನಲ್ಲಿ ತೆಗೆದುಕೊಂಡು ಬಂದ ಚುಕ್ಕಿಗಳನ್ನು ಒಂದೊಂದಾಗಿ ನಕ್ಷೆಯ ಮೇಲೆ ಇಟ್ಟಳು. ಎಲ್ಲವೂ ನೆಡುತೋಪಿನ ಒಳಗೇ ಬಿದ್ದವು. ಎಲೆ ಮುದ್ರೆಯ ಪ್ರತಿಯನ್ನೂ ಲಗತ್ತಿಸಿದಳು. ಮುದ್ರೆ ಇರುವವರನ್ನು ಕಡಿಮೆ ಅಪಾಯದವರೆಂದು ಬಗೆದು ಕೊನೆಗೆ ನೋಡುತ್ತಾರೆ ಎಂದು ಸೂಚನೆಯಲ್ಲೇ ಬರೆದಿತ್ತು. ಹಲಗೆ ತುಂಬಿಕೊಂಡು ಲಾರಿ ಹೋಯಿತು. ಮಾವ ಅಂದು ಎರಡು ಸಲ ಅನ್ನ ಹಾಕಿಸಿಕೊಂಡರು.

ಅದಾದ ಮುಂದಿನ ವಾರ ಅತ್ತೆ ಒಲೆಯ ಮುಂದೆ ಕೆಮ್ಮತೊಡಗಿದರು.

ಆ ಮನೆಯಲ್ಲಿ ನೀರು ಕಾಯಿಸುವುದಕ್ಕೆ ಸಾಮಿಲ್ಲಿನ ಚೆಕ್ಕೆಗಳೇ ಸೌದೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಏನು ಹೊಗೆಯೇ ಇದು! ಕಣ್ಣು ಕಿತ್ತು ಬರ್ತಿದೆ," ಎಂದರು.

"ಹಸಿ ಇರಬೇಕು ಅತ್ತೆ."

"ಹಸಿ ಹೊಗೆ ನನಗೆ ಗೊತ್ತಿಲ್ವಾ? ನಲವತ್ತು ವರ್ಷ ಈ ಒಲೆ ಮುಂದೆ ಕೂತಿದೀನಿ. ನೆಟ್ಟು ಬೆಳೆಸಿದ ಮರ ಭರಭರ ಅಂತ ಉರಿದು ಬೂದಿಯಾಗುತ್ತೆ. ಇದು ನೋಡು, ಕೆಂಡ ಕೂತುಬಿಟ್ಟಿದೆ, ಆರೋ ಲಕ್ಷಣವೇ ಇಲ್ಲ. ಇದು ನೆಟ್ಟ ಮರ ಅಲ್ಲ ಕಣೇ. ತಾನಾಗೇ ಹುಟ್ಟಿದ್ದು, ಮುದಿ ಮರ."

ಸೊಸೆ ಹಂಡೆಗೆ ನೀರು ಸುರಿಯುತ್ತಿದ್ದವಳು ಕೊಡ ಕೆಳಗಿಟ್ಟಳು. ಸಾಮಿಲ್ಲಿನ ಅಂಗಳಕ್ಕೆ ಹೋಗಿ, ಹಿಂದಿನ ದಿನ ಬಂದ ದಿಮ್ಮಿಯೊಂದರ ಕೊಯ್ದ ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಸೀರೆಯ ಪಿನ್ನು ತೆಗೆದುಕೊಂಡು ಹೊರಗಿನಿಂದ ಒಳಕ್ಕೆ ಉಂಗುರ ಎಣಿಸತೊಡಗಿದಳು. ವರ್ಷಕ್ಕೊಂದು ಉಂಗುರ. ನೆಡುತೋಪು ನೆಟ್ಟು ಇಪ್ಪತ್ತೆರಡು ವರ್ಷ. ಅವಳ ಎಣಿಕೆ ಅರವತ್ತು ದಾಟಿದಾಗ ಪಿನ್ನು ಇನ್ನೂ ಅರ್ಧಕ್ಕೂ ಬಂದಿರಲಿಲ್ಲ. ಗರಗಸದ ಹತ್ತಿರ ಮಾವ ಅವಳನ್ನೇ ನೋಡುತ್ತ ನಿಂತಿದ್ದರು. ಅವಳು ತಲೆ ಎತ್ತಿದ ಕೂಡಲೇ ಬೆನ್ನು ತಿರುಗಿಸಿದರು.

ಸಂಜೆ ಚಹಾದ ಹೊತ್ತಿಗೆ ಗಂಡ ಎರಡನೇ ಪತ್ರ ಮುಂದಿಟ್ಟ. "ಇದಕ್ಕೊಂದು ಸಹಿ ಹಾಕಿಬಿಡು. ನಾಳೆ ಲಾರಿ ಹೋಗಬೇಕು."

"ಜಾಗ ನೋಡದೆ ಹಾಕಲ್ಲ."

"ಚುಕ್ಕಿ ಇದೆಯಲ್ಲ?"

"ಚುಕ್ಕಿ ನೋಡಿದೆ. ಮರ ಕಡಿದ ಬುಡ ನೋಡಬೇಕು."

ಗಂಡ ತಮ್ಮನ ಮುಖ ನೋಡಿದ. ತಮ್ಮ ಚಹಾದೊಳಗೆ ಬಿದ್ದ ಬಿಸ್ಕತ್ತು ತೆಗೆಯುವುದರಲ್ಲೇ ಮಗ್ನನಾಗಿದ್ದ.

"ಹೋಗಿ ಬರಲಿ ಬಿಡು," ಎಂದರು ಮಾವ, ಯಾರ ಮುಖವನ್ನೂ ನೋಡದೆ.

ಮರುದಿನ ಬೆಳಗ್ಗೆ ಖಾಲಿ ಲಾರಿಯಲ್ಲಿ ಮೈದುನನ ಪಕ್ಕ ಕೂತು ಹೊರಟಳು. ದಾರಿಯುದ್ದಕ್ಕೂ ಅವನೇ ಮಾತಾಡಿದ. ಮೇಲೆ ಮರ ಕಡಿಸುವ ಗುತ್ತಿಗೆದಾರನಿಗೆ ಎಲ್ಲರೂ ಟೋಪಿ ಎನ್ನುತ್ತಾರೆ ಎಂದ. "ಯಾವಾಗಲೂ ಟೋಪಿ ಹಾಕಿಕೊಂಡಿರ್ತಾನಾ?" ಎಂದು ಕೇಳಿದಳು. "ಅವನು ಹಾಕಿಕೊಳ್ಳಲ್ಲ ಅತ್ತಿಗೆ, ಬೇರೆಯವರಿಗೆ ಹಾಕ್ತಾನೆ," ಎಂದು ಗಟ್ಟಿಯಾಗಿ ನಕ್ಕ. ಆಮೇಲೆ ನಗು ನಿಲ್ಲಿಸಿ, "ಅವನ ಮುಂದೆ ಮಾತ್ರ ಉಂಗುರ ಗಿಂಗುರ ಅಂತ ಮಾತೆತ್ತಬೇಡಿ," ಎಂದ. ಅವನು ಇಷ್ಟು ಮೆಲ್ಲಗೆ ಮಾತಾಡಿದ್ದನ್ನು ಅವಳು ಕೇಳಿದ್ದೇ ಮೊದಲು.

ನೆಡುತೋಪು ಬಂತು. ಸಾಲು ಹಿಡಿದು ನಿಂತ ಮರಗಳು, ಸಾಲಿನ ನಡುವೆ ಒಣಗಿದ ಎಲೆ. ಫೋನಿನಲ್ಲಿ ಚುಕ್ಕಿ ತೆರೆದುಕೊಂಡು ಅವಳು ಒಂದೊಂದು ಜಾಗಕ್ಕೂ ಹೋಗಿ ನಿಂತಳು. ಮೊದಲ ಚುಕ್ಕಿಯ ಜಾಗದಲ್ಲಿ ಮರ ನಿಂತಿತ್ತು. ಎರಡನೆಯದರಲ್ಲೂ ನಿಂತಿತ್ತು. ಹದಿನಾಲ್ಕು ಚುಕ್ಕಿಯ ಜಾಗದಲ್ಲೂ ಒಂದೇ ಒಂದು ಬುಡವಿರಲಿಲ್ಲ.

"ಕಡಿದದ್ದು ಎಲ್ಲಿ?"

"ಇಲ್ಲೇ ಎಲ್ಲೋ ಇರಬೇಕು," ಎಂದ ಮೈದುನ, ಬೂಟಿನ ತುದಿಯಿಂದ ಎಲೆ ಒದೆಯುತ್ತ. "ಬನ್ನಿ, ಬಿಸಿಲೇರುತ್ತೆ, ವಾಪಸ್ ಹೋಗೋಣ."

ದೂರದಲ್ಲಿ ಯಂತ್ರವೊಂದು ಕಿರುಗುಟ್ಟುವ ಸದ್ದು ಬರುತ್ತಿತ್ತು. ಆ ಸದ್ದು ಹಿಡಿದು ಅವಳು ನಡೆದಳು. ಅವನು ಬೇಡವೆಂದು ಕೂಗುತ್ತ ಹಿಂದೆ ಬಂದ. ನೆಡುತೋಪಿನ ಸಾಲು ಮುಗಿದು ದಿಣ್ಣೆ ಹತ್ತಿದರೆ ಆಚೆಗೆ ಇಡೀ ಇಳಿಜಾರು ಬೋಳಾಗಿತ್ತು. ಸುಟ್ಟ ಕಪ್ಪು ಮಣ್ಣು, ಅದರ ಮೇಲೆ ಊಟದ ಮೇಜಿನಷ್ಟು ಅಗಲದ ಬುಡಗಳು. ಬುಡಗಳ ನಡುವೆ ಗೇಣುದ್ದದ ಸಸಿಗಳನ್ನು ದಾರ ಹಿಡಿದು ಸಾಲಾಗಿ ನೆಟ್ಟಿದ್ದರು. ಕೆಳಗೆ ತೊರೆಯ ನೀರು ಕೆಂಪಾಗಿ ಹರಿಯುತ್ತಿತ್ತು.

"ಇನ್ನು ನಾಲ್ಕು ವರ್ಷ ಆದರೆ ಇದೂ ನೆಡುತೋಪೇ," ಎಂದಿತು ಒಂದು ದನಿ. ಬರಿತಲೆಯ, ಸಣ್ಣ ಆಳಿನ, ಇಸ್ತ್ರಿ ಹಾಕಿದ ಅಂಗಿಯವನು. ಒಂದು ಬುಡದ ಮೇಲಿನ ಹೊಟ್ಟನ್ನು ಕರವಸ್ತ್ರದಿಂದ ಒರೆಸಿ, "ಕೂತ್ಕೊಳ್ಳಿ ಅಕ್ಕ, ದಣಿದಿದ್ದೀರಿ," ಎಂದ. ಅವಳು ಕೂತಳು.

"ಸಹಿ ಹಾಕೋರು ನೀವೇ ತಾನೆ?" ಎಂದವನು ಅವಳ ಪೂರ್ತಿ ಹೆಸರು ಹೇಳಿದ, ತಂದೆಯ ಹೆಸರೂ ಸೇರಿಸಿ. ಮದುವೆಯಾದ ಮೇಲೆ ಆ ಹೆಸರನ್ನು ಅಷ್ಟು ಉದ್ದಕ್ಕೆ ಯಾರೂ ಕರೆದಿರಲಿಲ್ಲ. "ಪತ್ರದ ಪ್ರತಿ ನನಗೂ ಬಂತು. ಅಕ್ಷರ ಮುದ್ದಾಗಿದೆ. ವಿಳಾಸವನ್ನೂ ಎಷ್ಟು ಬಿಡಿಸಿ ಬರೆದಿದ್ದೀರಿ, ಮನೆ ನಂಬರು, ಬೀದಿ, ಎಲ್ಲಾ. ನೀರು ಕುಡೀತೀರಾ?"

ಬೇಡವೆಂದು ತಲೆಯಾಡಿಸಿದಳು.

ಬೆಟ್ಟ ಇಳಿದು ಊರು ಹತ್ತಿರ ಬಂದಾಗ ಮೈದುನ, "ಬೇರೆ ದಾರಿ ನನಗೂ ಇರಲಿಲ್ಲ ಅತ್ತಿಗೆ," ಎಂದ. "ನೆಡುತೋಪಿನ ಮರ ಮುಗಿದು ಎರಡು ತಿಂಗಳು ಆಯ್ತು. ಅಲ್ಲಿ ನಿಂತಿರೋದು ತೋರಿಸೋದಕ್ಕೆ ಉಳಿಸಿರೋ ಮರ. ಏಳು ಮೂರು ಅಂತೀರಲ್ಲ, ಹತ್ತಕ್ಕೆ ಹತ್ತೂ ಈಗ ಆಚೆ ಇಳಿಜಾರಿನದ್ದೇ."

ಅಂದಿನ ಊಟದಲ್ಲಿ ಜಗಳ ಶುರುವಾದದ್ದು ಉಪ್ಪಿನಿಂದ. ಸಾರಿಗೆ ಉಪ್ಪಿಲ್ಲ ಎಂದ ಗಂಡ. ಪಕ್ಕದಲ್ಲೇ ಡಬ್ಬಿ ಇದೆ ಎಂದಳು ಅವಳು.

"ನಾನು ಸಹಿ ಹಾಕಲ್ಲ," ಎಂದಳು ಅದೇ ಉಸಿರಿನಲ್ಲಿ. "ಮೊದಲನೇ ಪತ್ರವೂ ಸುಳ್ಳು. ಅದನ್ನೂ ವಾಪಸ್ ತಗೋತೀನಿ."

"ತಗೊಂಡು?" ಗಂಡನ ಮುಖ ಕೆಂಪಾಯಿತು. "ಕೊಳ್ಳೋರು ಕೈಬಿಟ್ಟರೆ ಹೊರಗೆ ಒಂಬತ್ತು ಜನ ನಿಂತಿದಾರಲ್ಲ, ಅವರ ಮನೆಗೆ ಹೋಗಿ ನೀನು ಹೇಳ್ತೀಯಾ, ನನ್ನ ಅಕ್ಷರ ಗಲೀಜಾಗಬಾರದು ಅಂತ ನಿಮ್ಮ ಒಲೆ ಆರಿಸಿದೆ ಅಂತ?"

"ಸೆರೆಮನೆಗೆ ಹೋಗೋಳು ನಾನು. ಬರೀತಿರೋದು ಸುಳ್ಳು ಅಂತ ನೀವು ಹೇಳಿದ್ರಾ ನನಗೆ?"

"ಯಾರೂ ಹೋಗಲ್ಲ! ಎಲೆ ಮುದ್ರೆ ಇರೋವರೆಗೂ ಯಾರೂ ಈ ಕಡೆ ತಲೆ ಹಾಕಲ್ಲ."

ಅವಳು ಮಾವನ ಕಡೆ ತಿರುಗಿದಳು. "ಮಾವ, ನಿಮಗೆ ಗೊತ್ತಿತ್ತು. ಗರಗಸದ ಸದ್ದು ಕೇಳಿಯೇ ಮರದ ವಯಸ್ಸು ಹೇಳೋರು ನೀವು."

ಮಾವ ತಟ್ಟೆಯ ಅಂಚಿನಲ್ಲಿ ಬೆರಳು ಸವರುತ್ತ ಕೂತಿದ್ದರು. "ಗರಗಸದ ಸದ್ದಿನಲ್ಲಿ ನನಗೆ ಕಿವಿ ಮಂದ ಆಗಿದೆ," ಎಂದರು. ಎದ್ದು ಕೈ ತೊಳೆಯಲು ಹೋದರು.

ಅಡುಗೆಮನೆಯಲ್ಲಿ ಅವಳು ಅತ್ತೆಯನ್ನು ಹಿಡಿದು ನಿಲ್ಲಿಸಿದಳು. "ಅತ್ತೆ, ನೀವೇ ಹೇಳಿದ್ರಲ್ಲ, ಮುದಿ ಮರ ಅಂತ. ಅವರ ಮುಂದೆ ಒಂದು ಮಾತು ಹೇಳಿ."

"ನಾನು ಹೇಳಿದ್ದು ಒಲೆ ಬಗ್ಗೆ," ಎಂದರು ಅತ್ತೆ. "ನನ್ನ ಮಕ್ಕಳ ಬಗ್ಗೆ ಅಲ್ಲ."

ಆಮೇಲೆ ಒಂದು ವಾರ ಗಂಡ ಆ ಮಾತನ್ನೇ ಎತ್ತಲಿಲ್ಲ. ಬೆಳಗ್ಗೆ ಎದ್ದು ತಾನೇ ಚಹಾ ಮಾಡಿಕೊಟ್ಟ. ಮಗಳಿಗೆ ಲೆಕ್ಕ ಹೇಳಿಕೊಟ್ಟ. ಅವಳಿಗೆ ಆ ಒಳ್ಳೆಯತನವೇ ಇರುಸುಮುರುಸು ತಂದಿತು. ಮಂಗಳವಾರ ಅಂಗಳದಿಂದ ಹಲಗೆ ತುಂಬಿದ ಲಾರಿ ಹೊರಟಿತು. ಗುರುವಾರ ಇನ್ನೊಂದು. ಪತ್ರವಿಲ್ಲದೆ ಬಂದರಿನ ಬಾಗಿಲು ದಾಟಲು ಆಗುವುದಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಆ ಎರಡು ಲಾರಿ ಎಲ್ಲಿಗೆ ಹೋಯ್ತು?"

"ಊರೊಳಗಿನ ಗಿರಾಕಿ," ಎಂದ ಗಂಡ.

ಭಾನುವಾರ ಮಗಳ ಪುಸ್ತಕಗಳಿಗೆ ರಟ್ಟು ಹಾಕುತ್ತ ಕೂತಿದ್ದಳು. ಲೆಕ್ಕದ ರಫ್ ಪುಸ್ತಕ ತಿರುವಿ ಹಾಕಿದಾಗ ಹಿಂಬದಿಯ ಹಾಳೆ ತೆರೆಯಿತು. ಹಾಳೆಯ ತುಂಬ ಅವಳ ಸಹಿ. ಮೊದಲ ಸಾಲಿನವು ಗೀಚಿದಂತೆ ಸೊಟ್ಟಸೊಟ್ಟ. ಕೆಳಕೆಳಗೆ ಬಂದಂತೆ ತಿದ್ದಿಕೊಂಡು, ಕೊನೆಯ ಸಾಲಿನಲ್ಲಿ ಬಾಲದ ಕೊಂಕು ಸಮೇತ ಅವಳೇ ಹಾಕಿದಂತಿತ್ತು. ಹಾಳೆ ತಿರುವಿದಳು, ಅದರ ಹಿಂದೆಯೂ ಇತ್ತು.

"ಇದು ಯಾರು ಬರೆದದ್ದು ಪುಟ್ಟೀ?"

ಮಗಳು ಪೆನ್ಸಿಲ್ ಚೂಪು ಮಾಡುತ್ತಿದ್ದಳು. "ಅಪ್ಪ. ಲೆಕ್ಕ ಹೇಳಿಕೊಡುವಾಗ ಬರೀತಿದ್ರು. ಯಾಕೆ ಅಮ್ಮನ ಹೆಸರು ಬರೀತಿದೀರಿ ಅಂದೆ. ಅಮ್ಮ ಅಂದ್ರೆ ನನಗೆ ಇಷ್ಟ, ಅದಕ್ಕೆ ಅಂದ್ರು."

ಸೊಸೆ ಹಾಳೆಯನ್ನು ಮೆಲ್ಲಗೆ ಹರಿದು, ಮಡಿಸಿ, ಕುಪ್ಪಸದೊಳಗೆ ಇಟ್ಟುಕೊಂಡಳು. ಅಂದು ಗಂಡ ಹತ್ತಿರ ಬಂದಾಗಲೆಲ್ಲ ಎದ್ದು ಬೇರೆ ಕೆಲಸ ಹಿಡಿದಳು. ಕೇಳಿದರೆ ಏನು ಹೇಳುತ್ತಾನೆಂದು ಅವಳಿಗೆ ಗೊತ್ತಿತ್ತು. ಕೊನೆಗೆ ಕೇಳಿಯೇಬಿಟ್ಟಳು. ಅವನು ಹೇಳಿದ್ದೂ ಅದನ್ನೇ.

"ನಿನಗೆ ಮನಸ್ಸಾಕ್ಷಿ ಚುಚ್ಚಬಾರದು ಅಂತಲೇ ನಾನು ಹಾಕಿದೆ. ನೀನು ಹಾಕಿಲ್ಲ ಅಂದಮೇಲೆ ನಿನ್ನ ತಪ್ಪು ಏನಿದೆ?"

"ಹೆಸರು ನನ್ನದಲ್ವಾ?"

"ಈ ಮನೆಯಲ್ಲಿ ನಿನ್ನದು ನನ್ನದು ಅಂತ ಯಾವಾಗಿಂದ ಶುರುವಾಯ್ತು?"

ಅದರ ಮುಂದಿನ ವಾರ ಎಲೆ ಮುದ್ರೆಯ ಆಡಿಟರ್ ಬಂದರು. ವರ್ಷಕ್ಕೊಮ್ಮೆ ಬರುವವರು. ಕೂದಲು ನರೆತ, ಬೆನ್ನಿಗೆ ಚೀಲ ಹಾಕಿಕೊಂಡ, ಒಂದು ದಿನಕ್ಕೆ ಮೂರು ಸಾಮಿಲ್ಲು ನೋಡಿ ಮುಗಿಸಬೇಕಾದ ಮನುಷ್ಯ. ಅತ್ತೆ ಅವರಿಗೆಂದು ಮೊಟ್ಟೆ ಬೇಯಿಸಿದರು. ಬಡಿಸುವಾಗಲೂ ಗಂಡ ಪಕ್ಕದಲ್ಲೇ ನಿಂತಿದ್ದ. ಅಷ್ಟರಲ್ಲಿ ಗರಗಸದ ಪಟ್ಟಿ ಹರಿಯಿತೆಂದು ಆಳು ಬಂದು ಕೂಗಿದಾಗ ಮಾತ್ರ ಅವನು ಹೊರಗೆ ಹೋದ.

"ಸ್ವಲ್ಪ ಬನ್ನಿ ಸಾರ್," ಎಂದಳು ಸೊಸೆ. ಕೈ ತೊಳೆಯಲೂ ಬಿಡದೆ ಅವರನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, ಸೌದೆಗೆಂದು ಬಿದ್ದಿದ್ದ ದಿಮ್ಮಿಯ ತುಂಡಿನ ಉಂಗುರ ತೋರಿಸಿದಳು. ಬೋಳು ಇಳಿಜಾರಿನ ವಿಷಯ ಹೇಳಿದಳು. ಸಹಿಯ ಹಾಳೆ ಬಿಚ್ಚಿ ಹಿಡಿದಳು.

ಆಡಿಟರ್ ಎಂಜಲು ಕೈಯನ್ನು ಗಾಳಿಯಲ್ಲೇ ಹಿಡಿದುಕೊಂಡು ಬಹಳ ಹೊತ್ತು ನೋಡಿದರು.

"ಅಮ್ಮಾ, ಕಾನೂನಿಗೆ ಹೊಂದಿಸೋದಕ್ಕೆ ಅಂತ ಈ ವರ್ಷ ನಮ್ಮ ಪಟ್ಟಿಗೆ ಒಂದು ಹೊಸ ಪ್ರಶ್ನೆ ಸೇರಿಸಿದಾರೆ. 'ಘೋಷಣಾ ಪತ್ರಗಳ ಕಡತ ಇದೆಯೇ?' ನಿಮ್ಮಲ್ಲಿ ಇದೆ. ಅದರಲ್ಲಿ ಬರೆದಿರೋದು ನಿಜವೇ ಅನ್ನೋ ಪ್ರಶ್ನೆ ನನ್ನ ಪಟ್ಟಿಯಲ್ಲಿಲ್ಲ. ಅದು ಕಾನೂನಿನವರ ಕೆಲಸ."

"ಕಾನೂನಿನವರು ನಿಮ್ಮ ಮುದ್ರೆ ನೋಡಿ ನಮ್ಮನ್ನ ಕೊನೆಗೆ ಇಟ್ಟಿದಾರೆ ಸಾರ್."

"ಹೌದು."

"ನೀವು ಅವರ ಕೆಲಸ ಅಂತೀರಿ. ಅವರು ನೀವು ನೋಡಿರ್ತೀರಿ ಅಂತಾರೆ. ಹಾಗಾದ್ರೆ ನೋಡೋರು ಯಾರು?"

ಅವರು ನಲ್ಲಿ ತಿರುಗಿಸಿ ಕೈ ತೊಳೆದುಕೊಂಡರು. "ಅದಕ್ಕೇ ಅಲ್ಲಿ ಹೊಣೆಗಾರರು ಅಂತ ಒಂದು ಸಾಲು ಇಟ್ಟಿರೋದು," ಎಂದರು. ಮುಖ ಒರೆಸಿಕೊಳ್ಳುತ್ತ ದನಿ ತಗ್ಗಿಸಿದರು. "ಹೊಣೆಗಾರರೇ ಬರೆದರೆ ಕಾನೂನಿನವರು ಓದಲೇಬೇಕಾಗುತ್ತೆ. ನಾನು ಹೇಳಿದೆ ಅಂತ ಮಾತ್ರ ಎಲ್ಲೂ ಹೇಳಬೇಡಿ."

ಹೋಗುವ ಮುನ್ನ ಕಡತದ ಸಾಲಿನ ಎದುರು ಸರಿ ಗುರುತು ಹಾಕಿ ಗಂಡನ ಕೈ ಕುಲುಕಿದರು.

ಅವಳು ಅರಣ್ಯ ಕಚೇರಿಗೆ ಕಾಗದ ಬರೆದದ್ದು ಮರುದಿನ ಬೆಳಗ್ಗೆ, ಮಗಳು ಶಾಲೆಗೆ ಹೋದ ಮೇಲೆ, ತನ್ನದೇ ಮೇಜಿನಲ್ಲಿ ಕೂತು. ಮೊದಲ ಪತ್ರದ ಸಹಿ ನನ್ನದು, ನೋಡದೆ ನಂಬಿ ಹಾಕಿದೆ, ಆ ತಪ್ಪು ನನ್ನದೇ ಎಂದು ಬರೆದಳು. ಆಮೇಲಿನ ಎರಡರ ಸಹಿ ನನ್ನದಲ್ಲ ಎಂದು ಬರೆದಳು. ಯಾರದೆಂದು ಬರೆಯುವಾಗ ಪೆನ್ನು ನಿಂತಿತು. ಎದ್ದು ಹೋಗಿ ಅಕ್ಕಿ ತೊಳೆದಿಟ್ಟು ಬಂದು ಅದನ್ನೂ ಬರೆದಳು. ಸಹಿ ಕಲಿತ ಹಾಳೆಯನ್ನೂ ಒಳಗಿಟ್ಟು ಲಕೋಟೆ ಅಂಟಿಸಿದಳು.

ಬಾಗಿಲಲ್ಲಿ ಅತ್ತೆ ಅಡ್ಡ ನಿಂತಿದ್ದರು. "ಎಲ್ಲಿಗೆ?"

"ಅಂಚೆ ಕಚೇರಿಗೆ."

ಅತ್ತೆಗೆ ಓದು ಅಷ್ಟಾಗಿ ಬರುತ್ತಿರಲಿಲ್ಲ. ಲಕೋಟೆಯ ಮೇಲಿನ ವಿಳಾಸ ಎಷ್ಟು ಸಾಲು ಇದೆಯೆಂದು ನೋಡಿಯೇ ಅವರಿಗೆ ಅರ್ಥವಾಯಿತು. "ನಿನ್ನ ಮಗಳ ಅಪ್ಪ ಕಣೇ ಅವನು."

"ಅವಳ ಅಮ್ಮ ನಾನು ಅತ್ತೆ. ನನ್ನ ಹೆಸರಲ್ಲಿ ಇನ್ನೆಷ್ಟು ಲಾರಿ ಹೋಗಬೇಕು?"

ಅತ್ತೆ ಪಕ್ಕಕ್ಕೆ ಸರಿದರು. "ಹೋಗು. ಬಂದಮೇಲೆ ನನ್ನ ಕೈಯಿಂದ ಒಂದು ಲೋಟ ನೀರು ಕೇಳಬೇಡ."

ಆ ಮಾತನ್ನು ಅತ್ತೆ ಚಾಚೂ ತಪ್ಪದೆ ಉಳಿಸಿಕೊಂಡರು. ಮೂರು ವಾರ ಒಂದೇ ಅಡುಗೆಮನೆಯಲ್ಲಿ ಇಬ್ಬರೂ ಎರಡು ಒಲೆ ಹಚ್ಚಿದರು. ಯಾಕೆಂದು ಗಂಡ ಕೇಳಲಿಲ್ಲ, ಅತ್ತೆ ಸೊಸೆಯ ಜಗಳ ಇದ್ದದ್ದೇ ಎಂದುಕೊಂಡ. ಅತ್ತೆ ಅವನಿಗೆ ಹೇಳಲೂ ಇಲ್ಲ. ಗರಗಸ ಎಂದಿನಂತೆ ಓಡುತ್ತಿತ್ತು, ಲಾರಿ ಎಂದಿನಂತೆ ಹೋಗುತ್ತಿತ್ತು. ಕಾಗದ ತಲುಪಿತೋ ಇಲ್ಲವೋ ಎಂದು ತಿಳಿಯದೆ ಅವಳು ಬೀದಿಯಲ್ಲಿ ಯಾವ ಗಾಡಿ ನಿಂತರೂ ಕಿಟಕಿಗೆ ಓಡುತ್ತಿದ್ದಳು.

ಗಾಡಿ ಬಂದದ್ದು ಸೋಮವಾರ ಹತ್ತು ಗಂಟೆಗೆ. ಅರಣ್ಯ ಕಚೇರಿಯ ಜೀಪು, ಅದರಿಂದ ಇಳಿದವರು ನಾಲ್ಕು ಜನ. ಮುಂದಿದ್ದ ಅಧಿಕಾರಿ ನಡುವಯಸ್ಸಿನ ಹೆಂಗಸು. ಬಂದವರೇ ಮೊದಲು ಗರಗಸ ನಿಲ್ಲಿಸಿದರು, ದಿಮ್ಮಿಗಳ ಫೋಟೋ ತೆಗೆದರು. ಆಮೇಲೆ ಮನೆಯವರನ್ನೆಲ್ಲ ಮುಂದಿನ ಕೋಣೆಯಲ್ಲಿ ಕೂರಿಸಿದರು. ಮೈದುನ ಇರಲಿಲ್ಲ. ಹಿಂದಿನ ದಿನ ಖಾಲಿ ಲಾರಿ ತೆಗೆದುಕೊಂಡು ಮೇಲೆ ಹೋದವನು ವಾಪಸ್ ಬಂದಿರಲಿಲ್ಲ, ಅವನ ಫೋನೂ ಸತ್ತಿತ್ತು.

"ಹೊಣೆಗಾರರು?" ಎಂದು ಕೇಳಿದರು ಅಧಿಕಾರಿ. ಸೊಸೆ ಎದ್ದು ನಿಂತಳು. ಒಂದು ಬಿಳಿ ಹಾಳೆ ಕೊಟ್ಟು ಹತ್ತು ಸಲ ಸಹಿ ಹಾಕಿಸಿಕೊಂಡರು. ಅದರಲ್ಲಿ ಮೂರು ಸಹಿ ಕೆಟ್ಟುಹೋದವು.

ಆಮೇಲೆ ಇನ್ನೊಂದು ಹಾಳೆಯನ್ನು ಗಂಡನ ಮುಂದೆ ಸರಿಸಿದರು. "ನಿಮ್ಮ ಹೆಂಡತಿ ಹೆಸರು ಬರೀರಿ. ಸಹಿ ಹಾಕೋ ಹಾಗೆ."

"ನಾನ್ಯಾಕೆ ಬರೀಲಿ?"

"ಬರೀರಿ."

ಗಂಡ ಹೆಂಡತಿಯ ಕಡೆ ನೋಡಿದ. ಮೂರು ವಾರ ಅವಳು ಬೇರೆ ಒಲೆ ಹಚ್ಚಿದ್ದು ಯಾಕೆಂದು ಅವನಿಗೆ ಅರ್ಥವಾದದ್ದು ಆಗಲೇ. ತಾಯಿಯ ಕಡೆ ನೋಡಿದ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು.

"ಬರಿಯೋ," ಎಂದರು ಮಾವ.

ಅವನು ಬರೆದ. ಬೇಕೆಂದೇ ಸೊಟ್ಟ ಬರೆದ. ಆದರೆ ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಕೈ ತನ್ನ ದಾರಿ ಹಿಡಿದುಬಿಟ್ಟಿತು. ಅಧಿಕಾರಿ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟರು. ಅವನು ಬರೆದದ್ದೇ ಹೆಚ್ಚು ಚೆನ್ನಾಗಿತ್ತು.

"ತೀರ್ಮಾನ ಆಗೋವರೆಗೂ ಸಾಮಿಲ್ಲಿಗೆ ಬೀಗ," ಎಂದರು ಅಧಿಕಾರಿ. "ಇಬ್ಬರೂ ಊರು ಬಿಡೋ ಹಾಗಿಲ್ಲ. ಇದೇ ವಿಳಾಸದಲ್ಲಿ ಇರಬೇಕು." ಬಾಗಿಲ ಹತ್ತಿರ ನಿಂತು ಅವಳಿಗೆ ಮಾತ್ರ ಕೇಳುವಂತೆ ಹೇಳಿದರು. "ನಿಮ್ಮ ಕಾಗದದಿಂದ ಮೇಲಿನ ಇಳಿಜಾರಿಗೂ ಇವತ್ತೇ ಜನ ಹೋಗಿದಾರೆ. ಟೋಪಿ ಅನ್ನೋನು ಇನ್ನೂ ಸಿಕ್ಕಿಲ್ಲ."

ಗರಗಸ ನಿಂತ ಮನೆಯಲ್ಲಿ ಚಮಚ ಬಿದ್ದರೂ ಎಲ್ಲರೂ ಬೆಚ್ಚಿ ಬೀಳುತ್ತಿದ್ದರು. ಒಂಬತ್ತು ಆಳುಗಳು ಎರಡು ದಿನ ಗೇಟಿನ ಹೊರಗೆ ಬಂದು ಕೂತರು. ಮೂರನೆಯ ದಿನ ಬರಲಿಲ್ಲ. ಬುಧವಾರದ ಅಂಚೆಯಲ್ಲಿ ಎಲೆ ಮುದ್ರೆ ಇನ್ನೊಂದು ವರ್ಷಕ್ಕೆ ನವೀಕರಣವಾಗಿದೆಯೆಂಬ ಪತ್ರ ಬಂತು, ಅಭಿನಂದನೆ ಸಹಿತ. ಗಂಡ ಅದನ್ನು ಓದಿ, ಗೋಡೆಗೆ ತೂಗುಹಾಕಲು ಮೊಳೆ ಹುಡುಕುತ್ತ ಮನೆಯೆಲ್ಲ ಓಡಾಡಿದ. ಹೆಂಡತಿಯೊಡನೆ ಮಾತು ಬಿಟ್ಟಿದ್ದ. ಒಂದೇ ಕೋಣೆಯಲ್ಲಿ ಇರುತ್ತಿದ್ದರು, ಒಂದೇ ವಿಳಾಸದಲ್ಲಿ. ಮೈದುನನ ಸುದ್ದಿ ಇರಲಿಲ್ಲ. ಲಾರಿ ಮಾತ್ರ ದಿಣ್ಣೆಯ ಕೆಳಗೆ ಬಾಗಿಲು ತೆರೆದುಕೊಂಡು ನಿಂತದ್ದು ಸಿಕ್ಕಿತ್ತು.

ಶುಕ್ರವಾರ ಮಧ್ಯಾಹ್ನ ನಾಲ್ವರೂ ಊಟಕ್ಕೆ ಕೂತಿದ್ದಾಗ ಫೋನು ಹೊಡೆದುಕೊಂಡಿತು. ಸೊಸೆ ಏಳುವ ಮೊದಲೇ ಮಾವ ಎಡಗೈಯಿಂದ ಎತ್ತಿಕೊಂಡರು.

"ಯಾರು ಬೇಕಿತ್ತು?"

ಆ ಕಡೆಯ ದನಿ ಅವಳ ಹೆಸರು ಹೇಳಿತು. ಪೂರ್ತಿ ಹೆಸರು, ತಂದೆಯ ಹೆಸರೂ ಸೇರಿಸಿ. ಮೇಜಿನ ಈಚೆ ಕೂತವಳಿಗೂ ಸ್ಪಷ್ಟವಾಗಿ ಕೇಳಿಸಿತು.

ಮಾವ ಬಾಯೊಳಗಿನ ತುತ್ತು ನುಂಗಿದರು. "ಆ ಕಾಗದ ಬರೆಸಿದ್ದು ನಾನು," ಎಂದರು. "ಈ ಸಾಮಿಲ್ಲು ಕಟ್ಟಿದವನು ನಾನು. ಅವಳು ನನ್ನ ಮಾತಿನ ಮೇಲೆ ಬರೆದಳು. ಏನು ಕೇಳಬೇಕೋ ನನ್ನ ಕೇಳು. ನನ್ನ ಮಗ ಎಲ್ಲಿ?"

ಆ ಕಡೆಯವನು ಏನೋ ಹೇಳಿದ. ಅದು ಮಿಕ್ಕವರಿಗೆ ಕೇಳಿಸಲಿಲ್ಲ. ಮಾವ ಕೊನೆಯವರೆಗೂ ಕೇಳಿಸಿಕೊಂಡರು. ಫೋನು ಇಟ್ಟು ಅನ್ನದ ತಟ್ಟೆ ಪಕ್ಕಕ್ಕೆ ಸರಿಸಿದರು.

"ಮಗುವಿನ ಶಾಲೆ ಬಿಡೋದು ಎಷ್ಟು ಹೊತ್ತಿಗೆ?"

"ನಾಲ್ಕಕ್ಕೆ," ಎಂದರು ಅತ್ತೆ. ಸೌಟು ಅವರ ಕೈಯಲ್ಲೇ ಉಳಿದಿತ್ತು. "ಯಾಕೆ? ಏನಂದ ಅವನು?"

"ನಾನೇ ಹೋಗಿ ಕರ್ಕೊಂಡು ಬರ್ತೀನಿ," ಎಂದು ಮಾವ ಚಪ್ಪಲಿಗೆ ಕಾಲು ತೂರಿಸತೊಡಗಿದರು. ಮೊದಲ ಸಲಕ್ಕೆ ಕಾಲು ಒಳಗೆ ಹೋಗಲಿಲ್ಲ. ಸೊಸೆ ಬಗ್ಗಿ ಚಪ್ಪಲಿ ಸರಿಮಾಡಿ ಇಟ್ಟಳು, ತಾನೂ ಮೆಟ್ಟಿಕೊಂಡಳು. ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ. ಅತ್ತೆ ಒಂದು ಲೋಟ ನೀರು ತಂದು, ಯಾರಿಗೆಂದು ಹೇಳದೆ, ಬಾಗಿಲ ಪಕ್ಕದ ಕಟ್ಟೆಯ ಮೇಲೆ ಇಟ್ಟರು. ಸೊಸೆ ಅದನ್ನು ಎತ್ತಿ ಒಂದೇ ಗುಟುಕಿಗೆ ಕುಡಿದಳು.

"ಹಿಂದಿನ ಬಾಗಿಲಿಗೆ ಅಗುಳಿ ಹಾಕ್ಕೋ," ಎಂದು ಅತ್ತೆಗೆ ಹೇಳಿ ಮಾವ ಬೀದಿಗಿಳಿದರು. ಗಂಟೆ ಆಗಿನ್ನೂ ಒಂದೂ ಆಗಿರಲಿಲ್ಲ.